ಲೆಕ್ಕಕ್ಕೆ ಸಿಗದ ಮರಿ: ಆಟದ ಪ್ರಾಣಿಗಳ ತಳಿ ಸಂಶೋಧನೆಯಲ್ಲಿ ದೋಷ ಪತ್ತೆ ಹಚ್ಚುವ ಬಗೆ

ಎರಡು ಉತ್ತಮ ಪ್ರಾಣಿಗಳನ್ನು ಕೂಡಿಸಿದರೂ ಮರಿ ಅಪ್ಪನಿಗಿಂತಲೂ ಅಮ್ಮನಿಗಿಂತಲೂ ಕಳಪೆಯಾಗಿ ಹುಟ್ಟುತ್ತದೆ. ನಲವತ್ತು ಮೊಟ್ಟೆಗಳಿಂದ ಮರಿ ಮಾಡಿಸಿದರೂ ಒಂದೇ ಒಂದು ಮ್ಯುಟೇಶನ್, ಅಂದರೆ ಅಪ್ಪ ಅಮ್ಮಂದಿರಲ್ಲಿ ಇಲ್ಲದ ಹೊಸ ಬದಲಾವಣೆ, ಕಾಣಿಸುವುದಿಲ್ಲ. ಇನ್ನೊಬ್ಬರ ಮರಿಯಲ್ಲಿ ಮ್ಯುಟೇಶನ್ ಎಣಿಕೆ ಏರಿರುತ್ತದೆ, ಆದರೆ ಯಾವ ಸಾಮರ್ಥ್ಯವೂ ಹೆಚ್ಚಿರುವುದಿಲ್ಲ. ಸಾಕುಪ್ರಾಣಿಗಳ ತಳಿ ಬೆಳೆಸುವ ಆನ್‌ಲೈನ್ ಆಟಗಳಲ್ಲಿ ಇಂಥ ದೂರು ಬಂದಾಗ ಆಟಗಾರರು ಸಾಮಾನ್ಯವಾಗಿ ಎರಡೇ ಉತ್ತರ ಕೊಡುತ್ತಾರೆ: ಆಟದಲ್ಲಿ ಬಗ್ ಇದೆ, ಇಲ್ಲವೇ ನಮಗೆ ಹೇಳದ ಇನ್ನೊಂದು ಗುಪ್ತ ನಿಯಮ ಇದೆ. ನಾನು ಅಪ್ಪ ಅಮ್ಮ ಮರಿಗಳ ಅಂಕಿಗಳನ್ನು ದಾಖಲಿಸುವ ಶೀಟುಗಳನ್ನು ತುಂಬುತ್ತ, ಇತರರು ತುಂಬಿದ್ದನ್ನು ತಿದ್ದುತ್ತ ಬಂದವನು. ನನ್ನ ಅನುಭವದಲ್ಲಿ ದೋಷ ಬಹುಪಾಲು ಆಟದೊಳಗೆ ಇರುವುದಿಲ್ಲ, ಅಳತೆಯಲ್ಲೋ ಎಣಿಕೆಯಲ್ಲೋ ಇರುತ್ತದೆ. ಆದ್ದರಿಂದ ಕೆಳಗಿನ ಪರೀಕ್ಷೆಗಳನ್ನು ಅದೇ ಕ್ರಮದಲ್ಲಿ ಇಟ್ಟಿದ್ದೇನೆ: ಮೊದಲು ಅಳತೆ, ಆಮೇಲೆ ಆವೃತ್ತಿ, ಆಮೇಲೆ ಅದೃಷ್ಟ, ಆಮೇಲೆ ಶೀಟು, ಎಲ್ಲ ಮುಗಿದ ಮೇಲೆ ಆಟ.

ಉದಾಹರಣೆಗಳನ್ನು ಹೆಚ್ಚಾಗಿ ಆರ್ಕ್: ಸರ್ವೈವಲ್ ಇವಾಲ್ವ್‌ಡ್ ಆಟದಿಂದ ತೆಗೆದುಕೊಂಡಿದ್ದೇನೆ, ಏಕೆಂದರೆ ಅದರ ತಳಿ ಲೆಕ್ಕ ಅತ್ಯಂತ ತೊಡಕಿನದು. ಅಲ್ಲಲ್ಲಿ ಮೈನ್‌ಕ್ರಾಫ್ಟ್‌ನ ಕುದುರೆಗಳೂ ಪೋಕೆಮಾನ್‌ನ ಮೊಟ್ಟೆಗಳೂ ಬರುತ್ತವೆ.

ಕಾಣುವ ಅಂಕಿಯೇ ಮರಿಗೆ ಇಳಿಯುವ ಅಂಕಿಯೇ?

ಮೊದಲ ಪರೀಕ್ಷೆ ಇದೇ ಆಗಿರಬೇಕು. ಆರ್ಕ್‌ನಲ್ಲಿ ಪ್ರಾಣಿಯ ಲೆವೆಲ್‌ಗಳು ಹೆಲ್ತ್‌ನಂಥ ಸಾಮರ್ಥ್ಯಗಳಿಗೆ ಹಂಚಿಹೋಗುತ್ತವೆ. ಪಳಗಿಸಿದ ಪ್ರಾಣಿಯಲ್ಲಿ ಅವು ಮೂರು ಕಡೆಯಿಂದ ಬಂದಿರುತ್ತವೆ. ಕಾಡಿನಲ್ಲಿ ಹುಟ್ಟುವಾಗಲೇ ಬಂದವು ಒಂದು ಪಾಲು. ಪಳಗಿಸುವಾಗ ದಕ್ಷತೆಗೆ ತಕ್ಕಂತೆ ಸೇರಿದವು ಇನ್ನೊಂದು ಪಾಲು. ದಕ್ಷತೆ ಪೂರ್ತಿ ಉಳಿದರೆ ಕಾಡಿನ ಲೆವೆಲ್‌ನ ಅರ್ಧದಷ್ಟು ಸೇರುವುದರಿಂದ 150ರ ಪ್ರಾಣಿ 225ಕ್ಕೆ ಏರುತ್ತದೆ. ಪಳಗಿದ ಮೇಲೆ ಅದು ಅನುಭವ ಗಳಿಸಿದಂತೆಲ್ಲ ನಾವು ಕೈಯಾರೆ ಹಾಕಿದವು ಮೂರನೆಯ ಪಾಲು. ಮೊದಲೆರಡು ಪಾಲುಗಳು ಮರಿಗೆ ಇಳಿಯುತ್ತವೆ, ಮೂರನೆಯದರಲ್ಲಿ ಒಂದು ಲೆವೆಲ್ ಕೂಡ ಇಳಿಯುವುದಿಲ್ಲ. ಅಪ್ಪನ ಹೆಲ್ತ್‌ಗೆ ನಲವತ್ತು ಲೆವೆಲ್ ಸುರಿದು, ಮರಿಗೆ ಅದು ಬರಲಿಲ್ಲವೆಂದು ಕೊರಗುವವರ ಸಮಸ್ಯೆ ಇಲ್ಲಿಗೇ ಬಗೆಹರಿಯುತ್ತದೆ.

ಇಂಪ್ರಿಂಟ್ ಇದಕ್ಕಿಂತ ಜಾಣ ಮೋಸ ಮಾಡುತ್ತದೆ. ಮರಿಯನ್ನು ಪೂರ್ತಿ ಆರೈಕೆ ಮಾಡಿ ಇಂಪ್ರಿಂಟ್ 100 ಪ್ರತಿಶತಕ್ಕೆ ತಲುಪಿಸಿದರೆ ಹೆಲ್ತ್ ಸೇರಿದಂತೆ ಅದರ ಬಹುಪಾಲು ಸಾಮರ್ಥ್ಯಗಳು ಶೇಕಡಾ 20ರಷ್ಟು ಏರುತ್ತವೆ. ಈ ಏರಿಕೆ ಅದರ ತಲೆಮಾರಿಗೆ ಮಾತ್ರ ಸಲ್ಲುತ್ತದೆ. ತಾಯಿಯ ಹೆಲ್ತ್ ಪರದೆಯಲ್ಲಿ 7,200 ಎಂದಿದ್ದು, ಈಗಷ್ಟೇ ಹುಟ್ಟಿದ ಮರಿಯದು 6,000 ಎಂದು ಕಂಡರೆ ಮರಿ ಏನನ್ನೂ ಕಳೆದುಕೊಂಡಿಲ್ಲ. ತಾಯಿಯ ಲೆವೆಲ್ ಇದ್ದಂತೆಯೇ ಇಳಿದಿದೆ, ಇಂಪ್ರಿಂಟ್ ಮಾತ್ರ ಇನ್ನೂ ಬಂದಿಲ್ಲ. ನಾನು ಈ ತಪ್ಪನ್ನು ಒಂದು ಇಡೀ ವಂಶಾವಳಿಯ ಉದ್ದಕ್ಕೂ ಮಾಡಿದ್ದೆ. ತಾಯಂದಿರನ್ನೆಲ್ಲ ಪ್ರೀತಿಯಿಂದ ಸಾಕಿದ್ದರಿಂದ ಹೆಣ್ಣಿನ ಕಡೆಯ ಹೆಲ್ತ್ ಮರಿಗೆ ಇಳಿಯುವುದೇ ಇಲ್ಲ ಎಂಬ "ನಿಯಮ"ವನ್ನು ಕಂಡುಹಿಡಿದು, ಅದನ್ನು ಗುಂಪಿಗೆ ವಿವರಿಸಿಯೂ ಬಿಟ್ಟಿದ್ದೆ. ಅದನ್ನು ಒಡೆದು ಹಾಕಲು ಇಂಪ್ರಿಂಟ್ ಆಗದ ಒಂದೇ ಒಂದು ತಾಯಿ ಸಾಕಾಯಿತು.

ಇದರ ತಿರುವುಮುರುವು ಮೆಲೀಯಲ್ಲಿ, ಅಂದರೆ ಪ್ರಾಣಿಯ ಹೊಡೆತದ ಬಲದಲ್ಲಿ, ಆಗುತ್ತದೆ. ಪಳಗಿಸುವಾಗ ದಕ್ಷತೆ ಕಡಿಮೆಯಾಗಿದ್ದ ಪ್ರಾಣಿಯ ಮೆಲೀ, ಅದೇ ಲೆವೆಲ್‌ಗಳಿದ್ದರೂ ಸ್ವಲ್ಪ ಕಡಿಮೆ ಅಂಕಿ ತೋರಿಸುತ್ತದೆ. ಆದರೆ ತಳಿಯಿಂದ ಹುಟ್ಟಿದ ಮರಿಯನ್ನು ಆಟ ಪೂರ್ಣ ದಕ್ಷತೆಯಿಂದ ಪಳಗಿದ ಪ್ರಾಣಿಯಂತೆಯೇ ಲೆಕ್ಕ ಹಾಕುತ್ತದೆ. ಹೀಗಾಗಿ ಅಪ್ಪ ಅಮ್ಮ ಇಬ್ಬರಿಗಿಂತಲೂ ಹೆಚ್ಚಿನ ಮೆಲೀ ಮರಿಯಲ್ಲಿ ಕಾಣಬಹುದು, ಮ್ಯುಟೇಶನ್ ಮಾತ್ರ ಆಗಿರುವುದಿಲ್ಲ. ಕಾಡಿನಿಂದ ತಂದ ಪ್ರಾಣಿಗಳ ಮೊದಲ ತಲೆಮಾರಿನಲ್ಲೇ ವಿಪರೀತ ಮೆಲೀ ಮ್ಯುಟೇಶನ್‌ಗಳು ಬಂದಿವೆ ಎನ್ನುವ ಶೀಟನ್ನು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಈ ಮೂರೂ ತೊಡಕುಗಳಿಗೆ ಪರಿಹಾರ ಒಂದೇ. ಶೀಟಿನಲ್ಲಿ ಪರದೆಯ ಅಂಕಿಯನ್ನು ಬರೆಯಬೇಡಿ, ಲೆವೆಲ್ ಬರೆಯಿರಿ. ಪರದೆಯ ಅಂಕಿಯಿಂದ ಲೆವೆಲ್ ಬಿಡಿಸಿಕೊಡುವ ಕೆಲಸವನ್ನು ಆಟಗಾರರೇ ಕಟ್ಟಿದ ಆರ್ಕ್ ಸ್ಮಾರ್ಟ್ ಬ್ರೀಡಿಂಗ್ ಎಂಬ ತಂತ್ರಾಂಶ ಮಾಡುತ್ತದೆ. ನಿಮ್ಮ ಸರ್ವರ್‌ನ ಗುಣಕಗಳನ್ನು (ಆಟದ ಅಂಕಿಗಳನ್ನು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್‌ಗಳನ್ನು) ಅದರಲ್ಲಿ ಸರಿಯಾಗಿ ತುಂಬಿರಬೇಕಷ್ಟೆ. ಮರಿ ಹುಟ್ಟಿದ ತಕ್ಷಣ, ಆರೈಕೆಗೆ ಮೊದಲು, ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

ಪೋಕೆಮಾನ್‌ನಲ್ಲೂ ಇದೇ ಕಾಯಿಲೆಗೆ ಬೇರೆ ಹೆಸರಿದೆ. ಪ್ರತಿ ಜೀವಿಗೂ ಆರು ಸಾಮರ್ಥ್ಯಗಳಿಗೆ 0ಯಿಂದ 31ರವರೆಗಿನ ಹುಟ್ಟುಗುಣದ ಅಂಕಿಗಳಿರುತ್ತವೆ. 2016ರ ಸನ್ ಮತ್ತು ಮೂನ್ ಆಟಗಳಲ್ಲಿ ಬಂದ ಹೈಪರ್ ಟ್ರೈನಿಂಗ್, ಕಡಿಮೆ ಅಂಕಿಯಿದ್ದ ಸಾಮರ್ಥ್ಯವನ್ನು ಗರಿಷ್ಠದಂತೆ ವರ್ತಿಸುವ ಹಾಗೆ ಮಾಡುತ್ತದೆ. 2019ರ ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲಿ ಬಂದ ಮಿಂಟ್‌ಗಳು ಸ್ವಭಾವದ ಪರಿಣಾಮವನ್ನು ಬದಲಿಸುತ್ತವೆ. ಎರಡೂ ಆ ಜೀವಿಗೆ ಮಾತ್ರ ಸೀಮಿತ. ಮೊಟ್ಟೆಗೆ ಹೋಗುವುದು ಹುಟ್ಟಿದಾಗಿನ ಅಂಕಿ ಮತ್ತು ಹುಟ್ಟಿದಾಗಿನ ಸ್ವಭಾವ. ಸ್ವಭಾವವನ್ನು ಮರಿಗೆ ದಾಟಿಸುವ ಎವರ್‌ಸ್ಟೋನ್ ಎಂಬ ಕಲ್ಲನ್ನು ಹಿಡಿಸಿದರೂ ಮಿಂಟ್ ತಿಂದ ಸ್ವಭಾವ ಇಳಿಯುತ್ತಿಲ್ಲವೆಂದರೆ ಕಲ್ಲಿನಲ್ಲಿ ದೋಷವಿಲ್ಲ.

ಕುದುರೆಮರಿ ಏಕೆ ನಿಧಾನ?

ಎರಡನೆಯ ಪರೀಕ್ಷೆ ಆವೃತ್ತಿಯದು. ಮೈನ್‌ಕ್ರಾಫ್ಟ್ ಜಾವಾದಲ್ಲಿ ಕುದುರೆಯ ವೇಗದ ಅಂಕಿ 0.1125ರಿಂದ 0.3375ರವರೆಗೆ ಇರುತ್ತದೆ. 1.19.4ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಮರಿಯ ವೇಗವೆಂದರೆ ಅಪ್ಪನ ವೇಗ, ಅಮ್ಮನ ವೇಗ, ಜೊತೆಗೆ ಆಟವು ಆ ಕ್ಷಣಕ್ಕೆ ಮನಸ್ಸಿನಲ್ಲೇ ಹುಟ್ಟಿಸಿದ ಮೂರನೆಯ ಕುದುರೆಯೊಂದರ ವೇಗ, ಈ ಮೂರರ ಸರಾಸರಿ. ಆ ಮೂರನೆಯ ಕುದುರೆ ಕಾಡುಕುದುರೆಯಷ್ಟೇ ಆಕಸ್ಮಿಕವಾದ್ದರಿಂದ ಅದರ ವೇಗ ಸರಾಸರಿಯಲ್ಲಿ 0.225.

ಈಗ ಲೆಕ್ಕ ಹಾಕಿ ನೋಡಿ. ಅಪ್ಪ ಅಮ್ಮ ಇಬ್ಬರೂ 0.32ರ ಓಟಗಾರರು. 0.32, 0.32, 0.225 ಕೂಡಿಸಿ ಮೂರರಿಂದ ಭಾಗಿಸಿದರೆ ಸುಮಾರು 0.288 ಬರುತ್ತದೆ. ಅಂದರೆ ಅಪ್ಪ ಅಮ್ಮ ಚುರುಕಾಗಿದ್ದಷ್ಟೂ ಮರಿ ಅವರಿಗಿಂತ ನಿಧಾನವಾಗುವ ಸಾಧ್ಯತೆಯೇ ಹೆಚ್ಚು. ಅವರನ್ನು ಮೀರಬೇಕಾದರೆ ಆ ಕಾಣದ ಮೂರನೆಯ ಕುದುರೆಯೇ 0.32ನ್ನು ಮೀರಿರಬೇಕು. ಇದನ್ನು ತಿಳಿಯದವರಿಗೆ ಒಂದೇ ರಕ್ತದ ಕುದುರೆಗಳನ್ನು ಕೂಡಿಸಿದ್ದಕ್ಕೆ ಆಟ ದಂಡ ವಿಧಿಸುತ್ತಿದೆ ಎಂದು ಅನ್ನಿಸುವುದು ಸಹಜ. ಅಂಥ ದಂಡವೇನೂ ಇಲ್ಲ. ಸರಾಸರಿಯೇ ಕೆಳಕ್ಕೆ ಎಳೆಯುತ್ತಿದೆ.

2023ರ ಮಾರ್ಚ್‌ನಲ್ಲಿ ಬಂದ 1.19.4ರಲ್ಲಿ ಈ ಸೂತ್ರ ಬದಲಾಯಿತು. ಈಗ ಮರಿಯ ಅಂಕಿ ಅಪ್ಪ ಅಮ್ಮಂದಿರ ಅಂಕಿಗಳ ಸುತ್ತ ಎರಡೂ ಕಡೆಗೆ ಹರಡುವುದರಿಂದ, ಅವರನ್ನು ಮೀರಿದ ಮರಿ ಅಪರೂಪದ ಪವಾಡವಾಗಿ ಉಳಿದಿಲ್ಲ. ಹಳೆಯ ಆವೃತ್ತಿಯ ಶೀಟನ್ನೂ ಹೊಸದರ ಶೀಟನ್ನೂ ಒಟ್ಟಿಗೆ ಸುರಿದು ಸರಾಸರಿ ತೆಗೆದರೆ ಬರುವ ಉತ್ತರ ಎರಡಕ್ಕೂ ಸಲ್ಲುವುದಿಲ್ಲ. ಹೀಗಾಗಿ ಶೀಟಿನ ಮೊದಲ ಕಾಲಮ್ ಆವೃತ್ತಿಯದ್ದಾಗಿರಲಿ, ಎರಡನೆಯದು ಸರ್ವರ್‌ನದ್ದು. ಪೋಕೆಮಾನ್‌ನಲ್ಲಿ ಜೀವಿಗೆ ಹಿಡಿಸುವ ಡೆಸ್ಟಿನಿ ನಾಟ್ ಎಂಬ ವಸ್ತು ಮೊಟ್ಟೆಗೆ ಐದು ಹುಟ್ಟುಗುಣದ ಅಂಕಿಗಳನ್ನು ದಾಟಿಸಲು ಶುರುಮಾಡಿದ್ದು 2013ರ ಎಕ್ಸ್ ಮತ್ತು ವೈ ಆಟಗಳಿಂದ. ಅದಕ್ಕೂ ಹಿಂದಿನ ಆಟದಲ್ಲಿ ಅದನ್ನು ಹಿಡಿಸಿ ಕಾಯುವವರಿಗೆ ಏನೂ ದಕ್ಕುವುದಿಲ್ಲ. ಆರ್ಕ್‌ನಲ್ಲೂ 2023ರ ಅಕ್ಟೋಬರ್‌ನಲ್ಲಿ ಬಂದ ಸರ್ವೈವಲ್ ಅಸೆಂಡೆಡ್ ಮ್ಯುಟೇಶನ್ ಲೆವೆಲ್‌ಗಳನ್ನು ಬೇರೆಯಾಗಿ ಎಣಿಸುತ್ತದೆ. ಮುಂದೆ ನಾನು ಹೇಳುವ ಆರ್ಕ್ ಅಂಕಿಗಳೆಲ್ಲ ಹಳೆಯ ಆಟಕ್ಕೆ, ಮಾಡ್‌ಗಳಿಲ್ಲದ (ಹೊರಗಿನವರು ಮಾಡಿದ ಮಾರ್ಪಾಡುಗಳಿಲ್ಲದ) ಸರ್ವರ್‌ಗೆ ಸಂಬಂಧಿಸಿದವು.

ಕುದುರೆಯ ವೇಗವನ್ನು ಓಡಿಸಿ ಅಳೆಯುವವರಿಗೆ ಒಂದು ಮಾತು. 0.32ರ ಕುದುರೆ ಸೆಕೆಂಡಿಗೆ ಸುಮಾರು 13.8 ಬ್ಲಾಕ್, 0.288ರದ್ದು ಸುಮಾರು 12.4 ಬ್ಲಾಕ್ ಓಡುತ್ತದೆ. ನೂರು ಬ್ಲಾಕ್‌ನ ಓಟದಲ್ಲಿ ಇವೆರಡರ ನಡುವಿನ ಅಂತರ ಒಂದು ಸೆಕೆಂಡೂ ಆಗುವುದಿಲ್ಲ, ಹತ್ತಿರ ಹತ್ತಿರ 0.8 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವ ಬೆರಳು ಶುರುವಿನಲ್ಲೂ ಕೊನೆಯಲ್ಲೂ ತಡವರಿಸಿದರೆ ಅದರ ಗಣನೀಯ ಭಾಗ ಅಲ್ಲೇ ಹೋಯಿತು. ಓಟದ ಹಾದಿ ಉದ್ದವಾಗಿರಲಿ, ಮೂರು ಸಲ ಓಡಿಸಿ. ಕಮಾಂಡ್ ಬಳಸಲು ಅನುಮತಿಯಿದ್ದರೆ ಆಟ್ರಿಬ್ಯೂಟ್ ಕಮಾಂಡ್‌ನಿಂದ ಅಂಕಿಯನ್ನೇ ಓದಿಕೊಳ್ಳಿ.

ಎಣಿಕೆ ಏರಿತು, ಬಲ ಏರಲಿಲ್ಲ

ಆರ್ಕ್‌ನ ದೂರುಗಳಲ್ಲಿ ಇದಕ್ಕೇ ಅಗ್ರಸ್ಥಾನ, ಮತ್ತು ಬಿಡಿಸಲು ಹೆಚ್ಚು ಹೊತ್ತು ಬೇಕಾಗುವುದೂ ಇದಕ್ಕೇ. ಪ್ರತಿ ಪ್ರಾಣಿಯ ಮಾಹಿತಿಯಲ್ಲಿ ಮ್ಯುಟೇಶನ್ ಎಣಿಕೆ ಎರಡು ಇರುತ್ತದೆ: ಅಪ್ಪನ ಕಡೆಯದು, ಅಮ್ಮನ ಕಡೆಯದು. ಇದನ್ನು ಕಂಡವರು, ಪ್ರಾಣಿಯಲ್ಲಿ ಅಷ್ಟು ಮ್ಯುಟೇಶನ್‌ಗಳಿವೆ ಎಂದು ಓದಿಕೊಳ್ಳುತ್ತಾರೆ. ಅದು ಹಾಗಲ್ಲ. ಮರಿಯ ಅಪ್ಪನ ಕಡೆಯ ಎಣಿಕೆ ಎಂದರೆ ಅಪ್ಪನ ಎರಡೂ ಎಣಿಕೆಗಳ ಮೊತ್ತ. ಅಮ್ಮನ ಕಡೆಯದೂ ಹಾಗೆಯೇ. ಅಪ್ಪನಲ್ಲಿ 3 ಮತ್ತು 2 ಇದ್ದು, ಅಮ್ಮನಲ್ಲಿ 4 ಮತ್ತು 1 ಇದ್ದರೆ ಮರಿಯಲ್ಲಿ 5 ಮತ್ತು 5 ಎಂದು ಬರುತ್ತದೆ. ಒಟ್ಟು ಹತ್ತು, ಹೊಸದು ಒಂದೂ ಇಲ್ಲ. ಹಾಗಿರಲಿ, ಆ ಮ್ಯುಟೇಶನ್ ಆದ ಸಾಮರ್ಥ್ಯಗಳನ್ನು ಮರಿ ಪಡೆಯದೇ ಇದ್ದರೂ ಎಣಿಕೆ ಮಾತ್ರ ಇಳಿದೇ ಇಳಿಯುತ್ತದೆ. ಇಂಥ ಅಣ್ಣ ತಂಗಿಯರನ್ನೇ ಕೂಡಿಸಿದರೆ ಮುಂದಿನ ಮರಿಯಲ್ಲಿ 10 ಮತ್ತು 10 ಆಗುತ್ತದೆ, ಏಕೆಂದರೆ ಒಬ್ಬನೇ ಅಜ್ಜನ ಮ್ಯುಟೇಶನ್ ಎರಡೂ ಕಡೆಯಿಂದ ಎಣಿಕೆಗೆ ಬಂತು.

ಹೊಸ ಮ್ಯುಟೇಶನ್ ಆಗಿದೆಯೇ ಎಂದು ತಿಳಿಯುವ ದಾರಿ ಸರಳ. ಅಪ್ಪ ಅಮ್ಮಂದಿರ ನಾಲ್ಕೂ ಎಣಿಕೆಗಳನ್ನು ಕೂಡಿಸಿ, ಮರಿಯ ಎರಡರ ಮೊತ್ತದೊಂದಿಗೆ ಹೋಲಿಸಿ. ಸಮವಾಗಿದ್ದರೆ ಏನೂ ಆಗಿಲ್ಲ. ಒಂದು ಹೆಚ್ಚಿದ್ದರೆ ಒಂದು ಮ್ಯುಟೇಶನ್ ಆಗಿದೆ, ಮೂರರವರೆಗೂ ಹೆಚ್ಚಬಹುದು.

ಹೆಚ್ಚಿರುವುದು ಖಚಿತವಾಗಿಯೂ ಬಲ ಕಾಣದಿದ್ದರೆ ಅದು ಎಲ್ಲಿಗೆ ಹೋಯಿತು? ಪ್ರತಿ ಮ್ಯುಟೇಶನ್ ಯಾವುದೋ ಒಂದು ಸಾಮರ್ಥ್ಯಕ್ಕೆ ಎರಡು ಲೆವೆಲ್ ಸೇರಿಸಿ, ಆರು ಬಣ್ಣದ ಭಾಗಗಳಲ್ಲಿ ಒಂದರ ಬಣ್ಣ ಬದಲಿಸುತ್ತದೆ. ಸಾಮರ್ಥ್ಯ ಯಾವುದೆಂಬುದನ್ನು ನಾವು ಆರಿಸಲಾರೆವು. ಅದು ಆಕ್ಸಿಜನ್ ಅಥವಾ ಫುಡ್‌ಗೆ ಹೋದರೆ ಮೆಲೀಯನ್ನೇ ದಿಟ್ಟಿಸುತ್ತಿರುವ ಕಣ್ಣಿಗೆ ಬೀಳುವುದಿಲ್ಲ. ಸ್ಪೀಡ್‌ಗೆ ಹೋದರಂತೂ ಪರದೆಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಪಳಗಿದ ಪ್ರಾಣಿಯ ಸ್ಪೀಡ್ ಅಂಕಿಯಲ್ಲಿ ಹುಟ್ಟಿನಿಂದ ಬಂದ ಲೆವೆಲ್‌ಗಳು ತೋರುವುದಿಲ್ಲ. ಅದನ್ನು ಕಳೆಯುವ ಲೆಕ್ಕದಿಂದಲೇ ಹಿಡಿಯಬೇಕು. ಹುಟ್ಟಿದ ಮರಿಯ ಲೆವೆಲ್ ಎಂದರೆ ಏಳು ಸಾಮರ್ಥ್ಯಗಳ ಲೆವೆಲ್‌ಗಳ ಮೊತ್ತಕ್ಕೆ ಒಂದು ಸೇರಿಸಿದ್ದು. ಮರಿ 240ರದ್ದು ಎಂದಿಟ್ಟುಕೊಳ್ಳಿ. ಏಳರ ಮೊತ್ತ 239. ಕಾಣುವ ಆರರ ಮೊತ್ತ 205 ಬಂದರೆ ಸ್ಪೀಡ್‌ನಲ್ಲಿ 34 ಅಡಗಿದೆ. ಅಪ್ಪನ ಸ್ಪೀಡ್ 32, ಅಮ್ಮನದು 19 ಆಗಿದ್ದರೆ ಕಳೆದುಹೋದ ಎರಡು ಲೆವೆಲ್ ಸಿಕ್ಕಿತು. ಪ್ರಯೋಜನವಿಲ್ಲದ ಮ್ಯುಟೇಶನ್, ಆದರೆ ಲೆಕ್ಕ ಸರಿಯಿದೆ.

ಬಣ್ಣವನ್ನೇ ಪುರಾವೆ ಎಂದು ನಂಬುವವರಿಗೂ ಇಲ್ಲೊಂದು ಎಚ್ಚರಿಕೆ. ಬಣ್ಣದ ಭಾಗಗಳು ಆರು ಇದ್ದರೂ ಎಲ್ಲ ಜಾತಿಗಳೂ ಆರನ್ನೂ ಬಳಸುವುದಿಲ್ಲ. ಬಳಕೆಯಲ್ಲಿಲ್ಲದ ಭಾಗಕ್ಕೆ ಹೊಸ ಬಣ್ಣ ಬಿದ್ದರೆ ಮರಿ ಹೊರಗಿನಿಂದ ಅಪ್ಪನ ಪಡಿಯಚ್ಚಿನಂತೆಯೇ ಕಾಣುತ್ತದೆ. ಬಣ್ಣ ಬದಲಾಗಿಲ್ಲ ಎಂಬುದರಿಂದ ಮ್ಯುಟೇಶನ್ ಆಗಿಲ್ಲ ಎಂದು ತೀರ್ಮಾನಿಸಬಾರದು.

ಇನ್ನು ಮಿತಿಯ ವಿಷಯ. ಒಂದು ಪ್ರಾಣಿಯ ಎಣಿಕೆ 20 ತಲುಪಿದ ಮೇಲೆ ಅದರ ಕಡೆಯಿಂದ ಹೊಸ ಮ್ಯುಟೇಶನ್ ಹುಟ್ಟುವುದಿಲ್ಲ. ಅಪ್ಪ ಅಮ್ಮ ಇಬ್ಬರದೂ 20 ಮುಟ್ಟಿದ ಜೋಡಿ ಎಷ್ಟು ಮೊಟ್ಟೆ ಇಟ್ಟರೂ ಫಲ ಶೂನ್ಯ. ಅಣ್ಣ ತಂಗಿಯರನ್ನು ಕೂಡಿಸುತ್ತ ಹೋದವರ ವಂಶ ನಾಲ್ಕೈದು ತಲೆಮಾರಿಗೇ ಬತ್ತಿಹೋಗಲು ಕಾರಣ ಇದೇ, ಎಣಿಕೆ ಇಮ್ಮಡಿಯಾಗುತ್ತ ಬೇಗನೆ ಮಿತಿ ಮುಟ್ಟುತ್ತದೆ. ಅನುಭವಸ್ಥರು ಮ್ಯುಟೇಶನ್‌ಗಳನ್ನು ಗಂಡಿನಲ್ಲಿ ಪೇರಿಸಿ, ಹೆಣ್ಣುಗಳನ್ನು ಮಾತ್ರ ಎಣಿಕೆ ಸೊನ್ನೆ ಇರುವ ಶುದ್ಧ ತಳಿಯಿಂದಲೇ ತರುತ್ತಾರೆ. ಆಗ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಆದರೆ ಅರ್ಧ ಮುಚ್ಚಿರುತ್ತದೆ.

ಬರಬೇಕಾದದ್ದು ಬರುತ್ತಿಲ್ಲ

ಆರ್ಕ್ ಪ್ರತಿ ಮರಿಗೆ ಮೂರು ಸಲ ದಾಳ ಹಾಕುತ್ತದೆ, ಪ್ರತಿ ದಾಳಕ್ಕೂ ಮ್ಯುಟೇಶನ್ ಸಾಧ್ಯತೆ ಶೇಕಡಾ 2.5. ಮೂರರಲ್ಲಿ ಒಂದಾದರೂ ಬೀಳುವ ಸಾಧ್ಯತೆ ಶೇಕಡಾ 7.31. ಹದಿನಾಲ್ಕು ಮೊಟ್ಟೆಗೊಂದು ಎಂದು ಇದನ್ನು ಓದಿದವರು ಹದಿನೈದನೆಯ ಮೊಟ್ಟೆಗೆ ಸಿಟ್ಟಾಗುತ್ತಾರೆ. ನಲವತ್ತು ಮೊಟ್ಟೆಗಳಲ್ಲಿ ಒಂದೂ ಬರದಿರುವ ಸಾಧ್ಯತೆಯನ್ನು ಲೆಕ್ಕ ಹಾಕಿದರೆ ಸುಮಾರು ಶೇಕಡಾ 5 ಬರುತ್ತದೆ. ಇದು ಅಪರೂಪವೇ ಹೊರತು ಅಸಾಧ್ಯವಲ್ಲ. ನೂರು ಜನ ತಳಿ ಬೆಳೆಸುತ್ತಿದ್ದರೆ ಅವರಲ್ಲಿ ಐವರಿಗೆ ಹೀಗೆ ಆಗಲೇಬೇಕು, ಮತ್ತು ದೂರು ಹೇಳಲು ಬರುವವರು ಆ ಐವರೇ. ಅಪ್ಪನ ಎಣಿಕೆ 20 ದಾಟಿದ್ದರೆ ದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದರಿಂದ ಅದೇ ನಲವತ್ತು ಬರಿಗೈ ಮೊಟ್ಟೆಗಳ ಸಾಧ್ಯತೆ ಶೇಕಡಾ 22ರ ಹತ್ತಿರ ಬರುತ್ತದೆ. ಹಾಗಾಗಿ ಇಂಥ ದೂರು ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಗಂಡಿನ ಎಣಿಕೆ ಎಷ್ಟು ಎಂಬುದು.

ಸಾಮರ್ಥ್ಯಗಳ ಹಂಚಿಕೆಯಲ್ಲೂ ಇದೇ ನಿರೀಕ್ಷಾದೋಷ ಇದೆ. ಪ್ರತಿ ಸಾಮರ್ಥ್ಯದಲ್ಲಿ ಹೆಚ್ಚಿನ ಲೆವೆಲ್ ಇರುವವರದ್ದು ಮರಿಗೆ ಬರುವ ಸಾಧ್ಯತೆ ಶೇಕಡಾ 55. ಒಂದೊಂದನ್ನೇ ನೋಡಿದರೆ ಉದಾರವೆನಿಸುತ್ತದೆ. ಏಳೂ ಒಟ್ಟಿಗೆ ಬರಬೇಕೆಂದರೆ 0.55ನ್ನು ಏಳು ಸಲ ಗುಣಿಸಬೇಕು, ಸುಮಾರು ಅರವತ್ತಾರಕ್ಕೊಂದು ಮರಿ. ಒಂದೇ ಜೋಡಿಯಿಂದ ಹತ್ತು ಮರಿ ತೆಗೆದು "ಪರಿಪೂರ್ಣ" ಮರಿ ಬರಲಿಲ್ಲ ಎನ್ನುವುದು ದೋಷದ ವರದಿ ಆಗುವುದಿಲ್ಲ.

ಪೋಕೆಮಾನ್‌ನ ಹೊಳೆಯುವ ಬಣ್ಣದ ಮರಿಗಳ ಬೇಟೆ ತಾಳ್ಮೆಯನ್ನು ಇನ್ನೂ ಹೆಚ್ಚು ಪರೀಕ್ಷಿಸುತ್ತದೆ. ಅಪ್ಪ ಅಮ್ಮ ಬೇರೆ ಬೇರೆ ಭಾಷೆಯ ಆಟಗಳಿಂದ ಬಂದಿದ್ದರೆ ಆ ಸಾಧ್ಯತೆ ಹೆಚ್ಚುತ್ತದೆ. ಅದನ್ನು ತಿಳಿಸಿದ ಆಟದ ನಿರ್ದೇಶಕ ಜುನಿಚಿ ಮಸುದಾ ಅವರ ಹೆಸರಿನಿಂದಲೇ ಆಟಗಾರರು ಅದನ್ನು ಮಸುದಾ ವಿಧಾನ ಎಂದು ಕರೆದರು. ಎಕ್ಸ್ ಮತ್ತು ವೈ ಇಂದೀಚೆಗೆ ಈ ವಿಧಾನದ ದರ ಸುಮಾರು 683ಕ್ಕೊಂದು. 683 ಮೊಟ್ಟೆ ಮುಗಿದರೂ ಬರಿಗೈಯಲ್ಲಿ ಉಳಿಯುವವರು ನೂರಕ್ಕೆ ಮೂವತ್ತೇಳು ಜನ; ಎರಡು ಸಾವಿರ ಮುಗಿದರೂ ಐವರು. ಇಲ್ಲಿ ಅದೃಷ್ಟವನ್ನು ದೂರುವ ಮೊದಲು ನೋಡಬೇಕಾದದ್ದು ಭಾಷೆಯ ಗುರುತು. ಬೇರೆ ದೇಶದ ಆಟಗಾರರಿಂದ ಪಡೆದ ಜೀವಿಯಾದರೂ ಅವರು ಆಡುತ್ತಿದ್ದುದು ನಿಮ್ಮದೇ ಭಾಷೆಯಲ್ಲಾಗಿದ್ದರೆ ಸಾಧ್ಯತೆ ಎಳ್ಳಷ್ಟೂ ಹೆಚ್ಚುವುದಿಲ್ಲ. ದೇಶ ಲೆಕ್ಕಕ್ಕೆ ಬರುವುದಿಲ್ಲ, ಭಾಷೆ ಬರುತ್ತದೆ.

ಶೀಟಿನಲ್ಲೇ ಇರುವ ರೋಗಗಳು

ಗುಂಪಾಗಿ ಸಂಶೋಧನೆ ಮಾಡುವಾಗ ಒಬ್ಬೊಬ್ಬರ ಅದೃಷ್ಟ ಕರಗಿ ಸತ್ಯ ಉಳಿಯುತ್ತದೆ ಎಂದು ನಂಬುತ್ತೇವೆ. ಎಲ್ಲರೂ ಒಂದೇ ತಪ್ಪನ್ನು ಮಾಡಿದರೆ ಮಾತ್ರ ಏನೂ ಕರಗುವುದಿಲ್ಲ, ತಪ್ಪೇ ಗಟ್ಟಿಯಾಗುತ್ತದೆ.

ಇವುಗಳಲ್ಲಿ ಅತ್ಯಂತ ನಿರುಪದ್ರವಿಯಾಗಿ ಕಾಣುವುದು, ಮೊದಲ ಮ್ಯುಟೇಶನ್ ಬಂದ ಕೂಡಲೇ ನಿಲ್ಲಿಸಿ "ನನಗೆ ಇಂತಿಷ್ಟು ಮೊಟ್ಟೆಗೆ ಒಂದು ಬಂತು" ಎಂದು ಬರೆಯುವ ಅಭ್ಯಾಸ. ಒಬ್ಬರಿಗೆ ಎರಡನೆಯ ಮೊಟ್ಟೆಗೇ ಬರುತ್ತದೆ, ಅವರು ಶೇಕಡಾ 50 ಎಂದು ಬರೆಯುತ್ತಾರೆ; ಇನ್ನೊಬ್ಬರಿಗೆ ಇಪ್ಪತ್ತಕ್ಕೆ ಬರುತ್ತದೆ, ಅವರು ಶೇಕಡಾ 5 ಎನ್ನುತ್ತಾರೆ. ಈ ಪ್ರತಿಶತಗಳ ಸರಾಸರಿ ತೆಗೆದರೆ, ಎಷ್ಟೇ ಜನ ಸೇರಲಿ, ನಿಜವಾದ 7.31ರ ಬದಲು 20ಕ್ಕೂ ಸ್ವಲ್ಪ ಮೇಲಿನ ಅಂಕಿ ಬರುತ್ತದೆ. ಆಮೇಲೆ ಬಂದ ಹೊಸಬರಿಗೆಲ್ಲ ತಮ್ಮ ಸರ್ವರ್‌ನಲ್ಲಿ ದರ ಇಳಿಸಿದ್ದಾರೆ ಎಂದು ಅನ್ನಿಸುವುದು ಖಂಡಿತ. ಪ್ರತಿಶತಗಳ ಸರಾಸರಿ ತೆಗೆಯುವ ಬದಲು ಎಲ್ಲರ ಮ್ಯುಟೇಶನ್‌ಗಳನ್ನು ಕೂಡಿಸಿ ಎಲ್ಲರ ಮೊಟ್ಟೆಗಳ ಮೊತ್ತದಿಂದ ಭಾಗಿಸಿದರೆ ಈ ರೋಗ ಬಹುಮಟ್ಟಿಗೆ ವಾಸಿಯಾಗುತ್ತದೆ. ಏನೂ ಬರದೆ ಬೇಸತ್ತು ಬಿಟ್ಟವರ ಮೊಟ್ಟೆಗಳೂ ಶೀಟಿಗೆ ಬರಬೇಕು. ಅವರನ್ನು ಹುಡುಕಿ ಕೇಳಬೇಕಾಗುತ್ತದೆ, ತಾವಾಗಿ ಅವರು ಬರೆಯುವುದಿಲ್ಲ.

ಇನ್ನೊಂದು ರೋಗ ಆರ್ಕ್‌ಗೇ ವಿಶಿಷ್ಟ, ಮತ್ತು ಇದನ್ನು ಗಮನಿಸಲು ನನಗೆ ನಾಚಿಕೆಯಾಗುವಷ್ಟು ಕಾಲ ಹಿಡಿಯಿತು. ಅಪ್ಪನ ಹೆಲ್ತ್ 40 ಲೆವೆಲ್, ಅಮ್ಮನದು 38, ಮರಿಯದು 40. ಶೀಟಿನಲ್ಲಿ "ಅಪ್ಪನಿಂದ" ಎಂದು ಬರೆಯುತ್ತೇವೆ. ಆದರೆ ಅಮ್ಮನ 38 ಇಳಿದು, ಅದಕ್ಕೆ ಮ್ಯುಟೇಶನ್‌ನ ಎರಡು ಲೆವೆಲ್ ಸೇರಿದರೂ 40 ಆಗುತ್ತದೆ. ಅಂಕಿಯನ್ನು ನೋಡಿ ಇವೆರಡನ್ನು ಬೇರ್ಪಡಿಸಲು ಸಾಧ್ಯವೇ ಇಲ್ಲ, ಎಣಿಕೆಯನ್ನು ನೋಡಿದರೆ ಮಾತ್ರ ಸುಳಿವು ಸಿಗುತ್ತದೆ. ಹಂಚಿಕೆಯ ದರವನ್ನು ಪರೀಕ್ಷಿಸಲೆಂದೇ ಜೋಡಿ ಆರಿಸುವುದಾದರೆ ಯಾವ ಸಾಮರ್ಥ್ಯದಲ್ಲೂ ಅಂತರ ಎರಡು, ನಾಲ್ಕು ಅಥವಾ ಆರು ಇರದಂತೆ ನೋಡಿಕೊಳ್ಳಿ, ಏಕೆಂದರೆ ಒಂದೇ ಸಾಮರ್ಥ್ಯಕ್ಕೆ ಎರಡು ಮೂರು ಮ್ಯುಟೇಶನ್ ಬೀಳುವುದೂ ಉಂಟು. ಬೆಸ ಅಂತರ ಇದ್ದರೆ ಗೊಂದಲವೇ ಇಲ್ಲ. ಅಪ್ಪ ಅಮ್ಮ ಇಬ್ಬರದೂ ಸಮವಾಗಿರುವ ಸಾಮರ್ಥ್ಯವನ್ನು ಶೀಟಿಗೆ ಸೇರಿಸಲೇಬೇಡಿ, ಅದು ಯಾರಿಂದ ಬಂತೆಂದು ದೇವರೇ ಹೇಳಬೇಕು.

ಎಷ್ಟು ಮರಿ ಸಾಕು ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಕೊಡಬಹುದು. ಹಂಚಿಕೆ ಶೇಕಡಾ 55ರದ್ದೋ ಸಮಪಾಲು ಶೇಕಡಾ 50ರದ್ದೋ ಎಂದು ಭರವಸೆಯಿಂದ ಬೇರ್ಪಡಿಸಲು ಸುಮಾರು 800 ಹೋಲಿಕೆಗಳು ಬೇಕು. ಗಾಬರಿಯಾಗಬೇಡಿ. ಏಳೂ ಸಾಮರ್ಥ್ಯಗಳಲ್ಲಿ ಅಂತರವಿರುವ ಜೋಡಿಯ ಒಂದು ಮರಿ ಏಳು ಹೋಲಿಕೆಗಳನ್ನು ಕೊಡುವುದರಿಂದ ನೂರಿಪ್ಪತ್ತರ ಹತ್ತಿರ ಮರಿಗಳಾದರೆ ಸಾಕು. ಇಪ್ಪತ್ತು ಮರಿಗಳ ಬಲದ ಮೇಲೆ "ಹೆಣ್ಣಿನ ಕಡೆಯಿಂದ ಹೆಚ್ಚು ಇಳಿಯುತ್ತದೆ" ಎಂದು ಸಾರುವವರನ್ನು ನಾನು ಈಗ ಮೌನವಾಗಿ ಓದಿ ಮುಂದೆ ಹೋಗುತ್ತೇನೆ.

ಒಂದೂ ಸಲ ಆಗದ ಘಟನೆಯನ್ನು "ಅಸಾಧ್ಯ" ಎಂದು ಬರೆಯುವ ಮೊದಲು ಮೂರನ್ನು ಪ್ರಯತ್ನಗಳ ಸಂಖ್ಯೆಯಿಂದ ಭಾಗಿಸಿ ನೋಡಿ. 300 ಮೊಟ್ಟೆಗಳಲ್ಲಿ ಒಂದೂ ಕಾಣಲಿಲ್ಲವೆಂದರೆ ಅದರ ದರ ಶೇಕಡಾ 1ಕ್ಕಿಂತ ಹೆಚ್ಚಿರಲಾರದು ಎಂದಷ್ಟೇ ಹೇಳಬಹುದು. ದರ ಸೊನ್ನೆ ಎಂದು ಹೇಳುವ ಹಕ್ಕು ನಮಗೆ ಬಂದಿಲ್ಲ.

ಆಚರಣೆಗಳು

ರಾತ್ರಿ ಮೊಟ್ಟೆ ಒಡೆದರೆ ಮ್ಯುಟೇಶನ್ ಹೆಚ್ಚು, ಮರಿ ಹೊರಬರುವಾಗ ಹತ್ತಿರ ನಿಂತಿರಬೇಕು, ಇಂಥ ಮಾತುಗಳು ಪ್ರತಿ ಆಟದಲ್ಲೂ ಹುಟ್ಟುತ್ತವೆ. ಇವನ್ನು ಪರೀಕ್ಷಿಸಲು ನೂರಾರು ಮರಿ ಖರ್ಚು ಮಾಡುವ ಮೊದಲು, ಫಲಿತಾಂಶ ಯಾವ ಕ್ಷಣದಲ್ಲಿ ನಿರ್ಧಾರವಾಗುತ್ತದೆ ಎಂದು ಕೇಳಿಕೊಳ್ಳಿ. ಆರ್ಕ್‌ನಲ್ಲಿ ಲೆವೆಲ್‌ಗಳು, ಬಣ್ಣಗಳು ಮತ್ತು ಮ್ಯುಟೇಶನ್ ಎಣಿಕೆ ಮೊಟ್ಟೆಯೊಳಗೇ ದಾಖಲಾಗಿರುತ್ತವೆ. ಇಟ್ಟ ಮೊಟ್ಟೆಯ ಮೇಲೆ ನಡೆಸುವ ಯಾವ ಪೂಜೆಯೂ ಅವನ್ನು ಬದಲಿಸಲಾರದು.

ಇಷ್ಟಾದರೂ ಉಳಿದರೆ

ಅಳತೆ ಸರಿಯಿದೆ, ಆವೃತ್ತಿ ಒಂದೇ, ಮಾಡ್ ಇಲ್ಲ, ಮೊಟ್ಟೆಗಳು ಸಾಕಷ್ಟಿವೆ, ಶೀಟಿನಲ್ಲಿ ವಿಫಲವಾದವೂ ಸೇರಿವೆ, ಆದರೂ ಲೆಕ್ಕ ಹೊಂದುತ್ತಿಲ್ಲ ಎಂದಾಗ ಆಟವನ್ನೇ ಅನುಮಾನಿಸಬೇಕು. ವರದಿಯಲ್ಲಿ ಅಪ್ಪ ಅಮ್ಮ ಮರಿ ಮೂವರ ಹುಟ್ಟಿದ ಕ್ಷಣದ ಲೆವೆಲ್‌ಗಳು, ಅಪ್ಪ ಅಮ್ಮಂದಿರ ನಾಲ್ಕು ಮತ್ತು ಮರಿಯ ಎರಡು ಮ್ಯುಟೇಶನ್ ಎಣಿಕೆಗಳು, ಸರ್ವರ್‌ನ ಗುಣಕಗಳು ಇರಲಿ. ನಿಮ್ಮ ಊಹೆಯನ್ನು ಕೊನೆಯಲ್ಲಿ ಬರೆಯಿರಿ, ಶೀರ್ಷಿಕೆಯಲ್ಲಿ ಬೇಡ.

ಹೀಗೆ ಉಳಿದುಕೊಂಡ ವಿಚಿತ್ರಗಳು ನಿಜವಾಗಿಯೂ ಇವೆ. ಮ್ಯುಟೇಶನ್ ಎಣಿಕೆ ಮೈನಸ್ ತೋರಿಸುತ್ತಿರುವ ಪ್ರಾಣಿಯನ್ನು ಮೊದಲ ಸಲ ಕಂಡವರು ಅದನ್ನು ಟೈಪಿಂಗ್ ತಪ್ಪು ಎಂದೇ ತಿಳಿಯುತ್ತಾರೆ. ಅದು ತಪ್ಪಲ್ಲ. ಎಣಿಕೆಯನ್ನು ಆಟ ಇಟ್ಟುಕೊಳ್ಳುವುದು 32 ಬಿಟ್‌ಗಳಲ್ಲಿ, ಅದು ಹಿಡಿಯಬಲ್ಲ ಗರಿಷ್ಠ ಸಂಖ್ಯೆ 2,14,74,83,647. ಎರಡೂ ಕಡೆ ಸಮ ಎಣಿಕೆಯಿರುವ ಒಡಹುಟ್ಟಿದವರನ್ನೇ ತಲೆಮಾರಿನಿಂದ ತಲೆಮಾರಿಗೆ ಕೂಡಿಸುತ್ತ ಹೋದರೆ ಎಣಿಕೆ ಪ್ರತಿ ಸಲ ಇಮ್ಮಡಿಯಾಗುತ್ತದೆ, ಒಂದರಿಂದ ಹೊರಟರೂ ಮೂವತ್ತೆರಡನೆಯ ತಲೆಮಾರಿಗೆ ಆ ಗಡಿಯನ್ನು ದಾಟಿ ಮೈನಸ್‌ನತ್ತ ಉರುಳುತ್ತದೆ. ಮೈನಸ್ ಸಂಖ್ಯೆ ಇಪ್ಪತ್ತಕ್ಕಿಂತ ಕಡಿಮೆಯೇ ಆದ್ದರಿಂದ, ಎಂದೋ ಬತ್ತಿಹೋಗಿದ್ದ ಆ ವಂಶದಲ್ಲಿ ಮತ್ತೆ ಹೊಸ ಮ್ಯುಟೇಶನ್‌ಗಳು ಹುಟ್ಟತೊಡಗುತ್ತವೆ.